ಅಮಾವಾಸ್ಯೆಗೊಮ್ಮೆ ಏಳುವ ಪೆಟ್ಟಿಗೆ

ಗುರುಬಸವರಾಜನಿಗೆ ಎದುರಿಗಿರುವವರ ಮುಖ ನೋಡಿ ‘ಇಲ್ಲ’ ಅನ್ನಲು ಬರುತ್ತಿರಲಿಲ್ಲ. ಹರಪನಹಳ್ಳಿಯ ಯಾರೋ ಗುರುತಿಲ್ಲದವರು ಮದುವೆಗೆ ಕರೆದರೆ “ಬರ್ತೀನ್ರಿ” ಅನ್ನುತ್ತಿದ್ದ. ಸಂತೆಯಲ್ಲಿ ದಲ್ಲಾಳಿ ಎಮ್ಮೆಯ ಹಲ್ಲು ತೋರಿಸಿದರೆ “ನೋಡನು” ಅನ್ನುತ್ತಿದ್ದ. ಎಮ್ಮೆ ಕಟ್ಟಲು ಅವನ ಮನೆಯಲ್ಲಿ ಗೂಟ ಹುಗಿಯುವಷ್ಟೂ ಜಾಗ ಇರಲಿಲ್ಲ, ಅದು ಬೇರೆ ಮಾತು. ವಿಮೆಯ ಏಜೆಂಟನಿಗೆ “ಮುಂದಿನ ವಾರ ಬರ್ರಿ” ಅಂದುಬಿಡುವನು. ಮುಂದಿನ ವಾರ ಅವನು ಚಪ್ಪಲಿ ಬಿಟ್ಟು ಒಳಗೆ ಕಾಲಿಡುವ ಮೊದಲೇ ತಡೆದು ಕಳಿಸುವ ಕೆಲಸ ಹೆಂಡತಿ ನಾಗಲಿಂಗಮ್ಮನ ಪಾಲಿಗೆ ಬರುತ್ತಿತ್ತು.

“ಊರಿಗೆಲ್ಲ ನೀವು ಒಳ್ಳೇರು, ಕೆಟ್ಟಾಕಿ ನಾನು. ಚಲೋ ಹಂಚಿಕಿ ಮಾಡೀರಿ” ಎಂದು ಅವಳು ಗಂಡನನ್ನು ಆಗಾಗ ತಿವಿಯುತ್ತಿದ್ದಳು. ಅದಕ್ಕೂ ಅವನು ಅಲ್ಲ ಅನ್ನುತ್ತಿರಲಿಲ್ಲ.

ಕೊಟ್ಟೂರಿನಲ್ಲಿ ಡಾಕ್ಟರ್ ಪಂಚಾಕ್ಷರಪ್ಪನವರು ಎಕ್ಸ್‌ರೇ ಸೆಂಟರ್ ಹಾಕಿದ ಕಾಲದಿಂದ ಅವನು ಅವರ ಬಳಿ ಕೆಲಸಕ್ಕಿದ್ದ. ತೊಂಬತ್ತರ ದಶಕದ ಆರಂಭ ಅದು. ಅದಕ್ಕೂ ಮುಂಚೆ ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆಯ ಫೋಟೋ ತೊಳೆಯುತ್ತಿದ್ದ. ಕತ್ತಲೆಯಲ್ಲಿ ಕೆಲಸ ಗೊತ್ತಿದ್ದವನು ಬೇಕಾಗಿತ್ತು, ಡಾಕ್ಟರರು ಕರೆದರು, ಎಂದಿನಂತೆ ಇಲ್ಲ ಅನ್ನಲಾಗದೆ ಬಂದ. ಕಿಟಕಿಗೆ ಕಪ್ಪು ಬಟ್ಟೆ ಬಡಿದ ಕೋಣೆಯಲ್ಲಿ, ಕೆಂಪು ಬಲ್ಬಿನ ಕೆಳಗೆ, ಫಿಲ್ಮು ತೊಳೆಯುವ ಹೈಪೋ ನೀರಿನ ಹುಳಿ ವಾಸನೆಯ ನಡುವೆ ನಿಂತು, ಸುತ್ತಲ ಹಳ್ಳಿಗಳ ಮುರಿದ ಕೈಕಾಲುಗಳನ್ನೆಲ್ಲ ತೊಳೆದು ಒಣಹಾಕಿದ. ಒದ್ದೆ ಫಿಲ್ಮು ಹಿಡಿದು ಹೊರಗೆ ಬಂದರೆ ಜನ ಮುತ್ತಿಕೊಂಡು “ಮುರದೈತೇನ್ರಿ?” ಎಂದು ಕೇಳುತ್ತಿದ್ದರು. ಎಲುಬು ಎರಡು ತುಂಡಾಗಿದ್ದು ಕಣ್ಣಿಗೆ ಹೊಡೆಯುತ್ತಿದ್ದರೂ ಅವನು, “ಸಣ್ಣದೊಂದು ಗೀರು ಇದ್ದಂಗ ಐತಿ, ಡಾಕ್ಟ್ರು ನೋಡ್ತಾರ” ಅನ್ನುವನು. ಪಾಪ, ಆ ಜನ ಅಷ್ಟು ಹೊತ್ತಾದರೂ ಸಮಾಧಾನದಿಂದ ಕೂತಿರುತ್ತಿದ್ದರು.

ಆಮೇಲೆ ಕಾಲ ಬದಲಾಯಿತು. ಫಿಲ್ಮು ಹೋಗಿ ಕಂಪ್ಯೂಟರ್ ಬಂತು. ಕತ್ತಲೆಕೋಣೆಯ ಕಪ್ಪು ಬಟ್ಟೆ ಕಿತ್ತು, ಏಸಿ ಕೂರಿಸಿ, ಗೋದ್ರೇಜ್ ಬೀರುವಿನ ಅರ್ಧ ಎತ್ತರದ ಒಂದು ಪೆಟ್ಟಿಗೆ ತಂದಿಟ್ಟರು. ಅದರೊಳಗೆ ಸಾಲಾಗಿ ಡಿಸ್ಕುಗಳು. ಎಲ್ಲ ಡಿಸ್ಕುಗಳನ್ನೂ ಒಟ್ಟುಗೂಡಿಸಿ, ಮತ್ತೆ ಬೇಕಾದಷ್ಟು ಅಳತೆಗೆ ಭಾಗ ಮಾಡಿಕೊಳ್ಳುವ ಏರ್ಪಾಟು. ಆ ಭಾಗಕ್ಕೆ ಕಂಪನಿಯವರು ವಾಲ್ಯೂಮ್ ಅನ್ನುತ್ತಿದ್ದರು, ಗುರುಬಸವರಾಜ ಅಂಕಣ ಅನ್ನುತ್ತಿದ್ದ. ಕಂಬದಿಂದ ಕಂಬಕ್ಕೆ ಮನೆ ಅಳೆದು ಬೆಳೆದವನಿಗೆ ಅದೇ ಸಲೀಸು. ಕೊಟ್ಟೂರಿಗೊಂದು, ಕೂಡ್ಲಿಗಿಗೊಂದು, ಹಗರಿಬೊಮ್ಮನಹಳ್ಳಿಗೊಂದು, ಹಡಗಲಿಗೊಂದು, ಹರಪನಹಳ್ಳಿಗೊಂದು, ಹೀಗೆ ಡಾಕ್ಟರರ ಶಾಖೆ ಇರುವ ಊರಿಗೊಂದು ಅಂಕಣ. ಅಲ್ಲಿ ತೆಗೆದ ಎಕ್ಸ್‌ರೇ ಫೋನಿನ ತಂತಿಯಲ್ಲಿ ಹರಿದು ಬಂದು ತನ್ನ ತನ್ನ ಅಂಕಣದಲ್ಲಿ ಕೂರುತ್ತಿತ್ತು. ಗುರುಬಸವರಾಜ ಅದರ ದಪ್ಪ ಪುಸ್ತಕವನ್ನು ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಿದ, ತಪ್ಪಿದ, ಕಂಪನಿಯವರಿಗೆ ಫೋನು ಮಾಡಿ ಬೈಸಿಕೊಂಡ, ಕೊನೆಗೆ ಕಲಿತ. ಕೋಣೆ ಅದೇ, ಕೆಲಸವೂ ಹೆಚ್ಚು ಕಡಿಮೆ ಅದೇ ಅಂತ ಅವನಿಗೆ ಅನ್ನಿಸುತ್ತಿತ್ತು. ಆ ನಾಲ್ಕು ಗೋಡೆಯೊಳಗೆ ಅವನು ಇದ್ದಷ್ಟು ಸುಖವಾಗಿ ಮನೆಯಲ್ಲೂ ಇರಲಿಲ್ಲ.

ಕೂಡ್ಲಿಗಿಯದು ಮಾತ್ರ ಸ್ವಲ್ಪ ಬೇರೆ ಕಥೆ. ಅಲ್ಲಿಯ ಫೋನಿನ ತಂತಿ ಪದೇ ಪದೇ ಕೈಕೊಡುತ್ತಿತ್ತು. ಅದಕ್ಕೇ ಅಲ್ಲೇ ಒಂದು ಚಿಕ್ಕ ಪೆಟ್ಟಿಗೆ ಇಟ್ಟಿದ್ದರು. ಚಿತ್ರಗಳು ಮೊದಲು ಅದರಲ್ಲಿ ಕೂರುವುದು, ತಂತಿ ಸರಿಯಿದ್ದಾಗ ಅದರ ನಕಲು ಕೊಟ್ಟೂರಿನಲ್ಲಿದ್ದ ಕೂಡ್ಲಿಗಿ ಅಂಕಣಕ್ಕೆ ಬರುವುದು. ಹೀಗಾಗಿ ಕೂಡ್ಲಿಗಿಯ ಪೆಟ್ಟಿಗೆ ಮತ್ತು ಕೊಟ್ಟೂರಿನ ಆ ಅಂಕಣ ಎರಡನ್ನೂ ಜೋಡಿ ಕಟ್ಟಿದ್ದರು. ಅಲ್ಲಿಯ ಪೆಟ್ಟಿಗೆ ಎದ್ದರೆ ಇಲ್ಲಿಯ ಪೆಟ್ಟಿಗೆಗೆ ಗೊತ್ತಾಗುತ್ತಿತ್ತು.

ಎರಡು ಸಾವಿರದ ಎಂಟರ ಯುಗಾದಿ ಮುಗಿದ ಮೇಲೆ ಡಾಕ್ಟರರು ಕೂಡ್ಲಿಗಿ ಶಾಖೆ ಮುಚ್ಚಿದರು. ಅಲ್ಲಿ ಹೊಸದೊಂದು ಸೆಂಟರ್ ಆಗಿ ಜನ ಅತ್ತ ವಾಲಿದ್ದರು. ಕಟ್ಟಡ ಡಾಕ್ಟರರ ಮಾವನವರದು, ಹಾಗಾಗಿ ಕರೆಂಟು, ಫೋನು ಹಾಗೇ ಉಳಿದವು. ಎಕ್ಸ್‌ರೇ ಮಿಷನ್ನು ಹಡಗಲಿಗೆ ಹೋಯಿತು, ಹಳೆಯ ಡಿಸ್ಕಿನ ಪೆಟ್ಟಿಗೆ ಯಾರಿಗೂ ಬೇಡವಾಗಿ ಮೂಲೆಯಲ್ಲಿ ಉಳಿಯಿತು. ಅದನ್ನು ಆರಿಸಿ ಬರಲು ಗುರುಬಸವರಾಜನನ್ನು ಕಳಿಸಿದರು. ಇನ್ನೊಂದು ಕೆಲಸವನ್ನೂ ಹೇಳಿದ್ದರು: “ಕಸಾ ಹೊಡ್ಯಾಕಿಗೆ ಹೇಳಿಬಿಡು, ಕಾಯಂ ಮುಚ್ಚೇವಿ ಅಂತ. ಬ್ಯಾರೆ ಕಡಿ ನೋಡ್ಕಳ್ಳಿ.”

ಕಸ ಹೊಡೆಯುವಾಕೆ ಚೌಡಕ್ಕ. ಶಾಖೆ ತೆರೆದ ದಿನದಿಂದ ಇದ್ದವಳು. ಬಾಗಿಲು ತೆಗೆಯುವುದು, ನೀರು ಹಿಡಿಯುವುದು, ಹೆದರಿದ ಮುದುಕಿಯರ ಕೈ ಹಿಡಿದು ಮಿಷನ್ನಿನ ಮುಂದೆ ನಿಲ್ಲಿಸುವುದು, ಎಲ್ಲ ಅವಳೇ. ಗುರುಬಸವರಾಜ ಹೋದಾಗಲೆಲ್ಲ ರೊಟ್ಟಿ ಬುತ್ತಿಯಲ್ಲಿ ಅವನಿಗೂ ಪಾಲು ಇಡುತ್ತಿದ್ದಳು. ಆ ದಿನ ಅವಳ ಮುಖ ನೋಡಿದ. “ಸದ್ಯಕ್ಕ ಬಾಗ್ಲಾ ಹಾಕೇವಿ, ಚೌಡಕ್ಕ. ನೋಡನು, ಮತ್ತ ತೆಗದ್ರೂ ತೆಗೀಬೌದು” ಎಂದ. ಅವಳು ಆಗಲಿ ಅಂದಳು. ಕೊಟ್ಟೂರಿಗೆ ಬಂದು ಡಾಕ್ಟರರಿಗೆ “ಹೇಳೀನ್ರಿ” ಎಂದ. ಬೀಗದ ಕೈ ಅವಳ ಹತ್ತಿರವೇ ಇದೆ ಅನ್ನುವುದು ಯಾರಿಗೂ ನೆನಪಾಗಲಿಲ್ಲ.

ಅಲ್ಲಿಂದಾಚೆ ಗುರುಬಸವರಾಜ ಕೂಡ್ಲಿಗಿಯ ಬಸ್ಸು ಹತ್ತುವುದನ್ನೇ ಬಿಟ್ಟ.

ಡಿಸೆಂಬರಿನಲ್ಲಿ ಡಾಕ್ಟರರು ಅವನನ್ನು ಕರೆದರು. ಕೊಟ್ಟೂರಿಗೆ ಸಿ.ಟಿ. ಸ್ಕ್ಯಾನ್ ಬರುವುದಿತ್ತು. ಅದು ಒಬ್ಬ ಮನುಷ್ಯನನ್ನು ಸೌತೆಕಾಯಿ ಹೆಚ್ಚಿದ ಹಾಗೆ ತೆಳ್ಳಗೆ ಹೆಚ್ಚಿ ಚಿತ್ರ ತೆಗೆಯುವ ಮಿಷನ್ನು, ಎಷ್ಟು ಜಾಗ ಕೊಟ್ಟರೂ ಸಾಲದು.

“ಸೋಮವಾರ ಮಿಷನ್ ಇಳಿತೈತಿ. ಕೂಡ್ಲಿಗಿ ಜಾಗ ಅಷ್ಟೂ ತೆಗದು ಅದಕ್ಕ ಕೊಡು” ಎಂದರು ಡಾಕ್ಟರರು. “ನಿನಗ ಆಗಂಗಿಲ್ಲಂದ್ರ ಈಗ ಹೇಳು. ದಾವಣಗೆರಿ ಕಂಪನೇರು ಪೆಟಗಿ ನಾವ ನೋಡ್ಕಂತೀವಿ ಅನ್ನಾಕತ್ಯಾರ. ಅವರಿಗೆ ಕೊಟ್ಟು ನಿನ್ನ ಮುಂದ ಟೋಕನ್ ಕೌಂಟರಿಗೆ ಕುಂದರಸ್ತೀನಿ. ತ್ರಾಸಿಲ್ಲ.”

ತ್ರಾಸಿಲ್ಲ ಅಂತ ಡಾಕ್ಟರರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಗುರುಬಸವರಾಜನಿಗೆ ಮಾತ್ರ ಹಾಗೆ ಕಾಣಲಿಲ್ಲ. ಆ ಕೋಣೆ ಬಿಟ್ಟು ಬೀದಿಯ ಗದ್ದಲಕ್ಕೆ ಮುಖ ಮಾಡಿ, ದಿನವಿಡೀ ನೂರು ಮಂದಿಗೆ ಇವತ್ತು ಆಗಲ್ಲ, ನಾಳೆ ಬರ್ರಿ ಅನ್ನುವ ಕೆಲಸ! ಅದಕ್ಕಿಂತ ಕಲ್ಲು ಒಡೆಯುವುದು ಲೇಸು. “ಆಗತೈತ್ರಿ” ಎಂದ.

ಕೂಡ್ಲಿಗಿಯ ಹಳೆಯ ಚಿತ್ರಗಳನ್ನೆಲ್ಲ ಅವನು ಆಗಲೇ ಸಿ.ಡಿ.ಗಳಿಗೆ ಇಳಿಸಿ ಬೀರುವಿನಲ್ಲಿ ಇಟ್ಟಾಗಿತ್ತು. ಅಂಕಣ ಅಳಿಸುವುದೊಂದೇ ಬಾಕಿ. ಕೂತು ಅಳಿಸು ಎಂದ. ಆಗದು, ಇದನ್ನು ಒಂದು ಕಂಪ್ಯೂಟರ್ ಬಳಸುತ್ತಿದೆ ಎಂದಿತು ಪೆಟ್ಟಿಗೆ. ಸರಿ, ವರದಿ ಬರೆಯುವ ಕಂಪ್ಯೂಟರಿಗೆ ಆ ಅಂಕಣದ ದಾರಿ ಇನ್ನೂ ತೆರೆದಿತ್ತು, ಅದನ್ನು ಮುಚ್ಚಿದ. ಮತ್ತೆ ಅಳಿಸು ಎಂದ. ಆಗದು, ಇದರ ಹಳೆಯ ಪಡಿಯಚ್ಚುಗಳಿವೆ, ಮೊದಲು ಅವನ್ನು ತೆಗೆ ಎಂದಿತು. ಒಂದೊಂದಾಗಿ ತೆಗೆದ. ಮೂರನೆಯ ಸಲ ಇನ್ನೇನು ಹೋಯಿತು ಅನ್ನುವಷ್ಟರಲ್ಲಿ ಕೆಂಪಕ್ಷರದಲ್ಲಿ ಹೊಸ ತಕರಾರು: ಈ ಅಂಕಣಕ್ಕೆ ಜೋಡಿ ಇದೆ, ಜೋಡಿ ಬಿಡಬೇಕು. ಜೋಡಿ ಬಿಡಿಸು ಎಂದರೆ, ಆ ಕಡೆಯ ಪೆಟ್ಟಿಗೆ ಸಿಗುತ್ತಿಲ್ಲ ಎಂದಿತು. ಜೋಡೆತ್ತಿನ ಕೊರಳಿಗೆ ಕಟ್ಟಿದ ಹಗ್ಗದ ಹಾಗೆ, ಬರೀ ಈ ಕಡೆಯ ಗಂಟು ಬಿಚ್ಚಿದರೆ ಸಾಲದು.

ಕಂಪನಿಗೆ ಫೋನು ಮಾಡಿದ. ಎಲ್ಲೋ ದೂರದಲ್ಲಿದ್ದ ಹುಡುಗಿ ಇಂಗ್ಲಿಷಿನಲ್ಲಿ ತಾಳ್ಮೆಯಿಂದ ಹೇಳಿದಳು. ಆ ಕಡೆಯ ಪೆಟ್ಟಿಗೆ ಹಚ್ಚಿ ಅಲ್ಲಿಂದಲೇ ಜೋಡಿ ಬಿಡಿಸಬೇಕು, ಇಲ್ಲವೇ ಇಲ್ಲಿಯ ಎಲ್ಲ ಏರ್ಪಾಟನ್ನೂ ಅಳಿಸಿ ಮೊದಲಿಂದ ಕಟ್ಟಬೇಕು. ಮೊದಲಿಂದ ಕಟ್ಟಿದರೆ ಉಳಿದ ನಾಲ್ಕು ಊರುಗಳ ಗತಿ? ಇನ್ನೊಂದು ಮಾತನ್ನೂ ಅವಳು ಕೇಳಿದಳು: ನಿಮ್ಮ ಆ ಪೆಟ್ಟಿಗೆ ಆರಿದೆ ಅನ್ನುತ್ತೀರಿ, ಆದರೆ ಅದು ಆಗಾಗ ಎದ್ದು ಈ ಪೆಟ್ಟಿಗೆಯನ್ನು ಮಾತಾಡಿಸಿ ಮಲಗುತ್ತಿದೆಯಲ್ಲ, ಯಾರು ಹಚ್ಚುತ್ತಿದ್ದಾರೆ?

ಗುರುಬಸವರಾಜ ಫೋನು ಇಟ್ಟ. ತಾನೇ ಕೈಯಾರೆ ಆರಿಸಿ ಬಂದ ಪೆಟ್ಟಿಗೆ ಅದು. ಮನೆಗೆ ಬಂದು ಊಟಕ್ಕೆ ಕೂತವನು ನಾಗಲಿಂಗಮ್ಮನಿಗೆ ಹೇಳಿದ.

“ಅವಾಗವಾಗ ನಿಮ್ಮ ಮೊಬೈಲಿಗೆ ಆ ಪೆಟಗಿ ಮೆಸೇಜ್ ಕಳಸ್ತೈತಲ್ಲ, ಕೂಡ್ಲಿಗಿ ಬಂತು, ಕೂಡ್ಲಿಗಿ ಹೋತು ಅಂತ. ಅದಾ?” ಎಂದಳು ಅವಳು.

“ಅದಾ. ತಂತಿ ದೋಷ ಅನಕಂಡಿದ್ದೆ.”

“ಮಣ್ಣೆತ್ತಿನ ಅಮಾಸಿಗೆ ಎಡಿ ಹಿಡಿಯಾಗ ಬಂದಿತ್ತು. ನಾಗರ ಅಮಾಸಿಗೂ ಬಂತು. ದೀಪಾವಳಿ ಲಕ್ಷ್ಮಿ ಪೂಜಿಗೆ ಕುಂತಾಗ ಕುಂಯ್ ಅಂತು, ನಾ ಬೈದಿದ್ದೆ, ನೆಪ್ಪಿಲ್ಲ? ನಾ ಬಾಗ್ಲಾಗ ನಿಂಬಿಹಣ್ಣು ಹಿಡಕಂಡು ನಿಂತಾಗೆಲ್ಲ ಅದು ಕುಂಯ್ ಅಂತೈತಿ. ನಿಮ್ಮ ಪೆಟಗಿ ಅಮಾಸಿ ಅಮಾಸಿಗೆ ಏಳ್ತೈತಿ ನೋಡ್ರಿ.” ಹೇಳುತ್ತ ಹೇಳುತ್ತ ಅವಳಿಗೇ ಹೆದರಿಕೆಯಾಗಿ ಸೌಟು ಕೆಳಗಿಟ್ಟಳು.

ಗುರುಬಸವರಾಜನಿಗೆ ಹೆದರಿಕೆ ಆಗಲಿಲ್ಲ. ತುತ್ತು ಕೈಯಲ್ಲೇ ನಿಂತಿತು, ಅಷ್ಟೆ. ಅಮಾವಾಸ್ಯೆಗೆ ಅಂಗಡಿ, ಗಿರಣಿ, ಲಾರಿ ಎಲ್ಲಕ್ಕೂ ಪೂಜೆ ಮಾಡುವ ಸೀಮೆ ಇದು. ಆರಿದ ಮಿಷನ್ನಿಗೆ ಯಾರೂ ಪೂಜೆ ಮಾಡುವುದಿಲ್ಲ. ಚಾಲೂ ಮಾಡಿ, ಸದ್ದು ಕೇಳಿಸಿಕೊಂಡು, ಆಮೇಲೆ ಕುಂಕುಮ ಹಚ್ಚುವುದು. ಕೂಡ್ಲಿಗಿ ಶಾಖೆಯಲ್ಲಿ ಅಮಾವಾಸ್ಯೆಯ ಪೂಜೆ ಯಾರ ಕೆಲಸವಾಗಿತ್ತು ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೀಗದ ಕೈಯೂ ಈಗ ನೆನಪಾಯಿತು.

ಶನಿವಾರ ಎಳ್ಳ ಅಮಾವಾಸ್ಯೆ. ಬಸ್ಸಿನ ತುಂಬ ಚರಗವೆಂದು ಪೈರಿಗೆ ಎಡೆ ಚೆಲ್ಲಲು ಹೊಲಕ್ಕೆ ಹೊರಟವರು. ಹೆಂಗಸರ ತೊಡೆಯ ಮೇಲೆ ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಕಡುಬಿನ ಬುಟ್ಟಿಗಳು. ಕಿಟಕಿಯ ಪಕ್ಕ ಕೂತ ಗುರುಬಸವರಾಜ ದಾರಿಯುದ್ದಕ್ಕೂ ಒಂದು ಮಾತು ಕಟ್ಟಿಕೊಂಡ: ಸರ್ವಿಸ್ ಮಾಡಾಕ ಬಂದೀನಿ, ಚೌಡಕ್ಕ. ಸುಳ್ಳೂ ಅಲ್ಲ. ಜೋಡಿ ಬಿಡಿಸಿದರೆ ತನ್ನ ಕೆಲಸ ಮುಗಿಯಿತು. ಆಮೇಲೆ ಅವಳು ಎಷ್ಟು ಅಮಾವಾಸ್ಯೆ ಪೆಟ್ಟಿಗೆ ಹಚ್ಚಿದರೂ ಕೊಟ್ಟೂರಿಗೆ ತೊಂದರೆ ಇಲ್ಲ. ಕೋಣೆಯೂ ಉಳಿಯಿತು, ಅವಳ ಮನಸ್ಸೂ ಉಳಿಯಿತು. ಕೂಡ್ಲಿಗಿ ಹತ್ತಿರ ಬರುವ ಹೊತ್ತಿಗೆ ತನ್ನ ಉಪಾಯ ತನಗೇ ಬಹಳ ಚೆನ್ನಾಗಿ ಕಂಡಿತು.

ಶಾಖೆಯ ಬಾಗಿಲು ತೆರೆದಿತ್ತು. ಒಳಗೆ ಒಂದು ಕಸದ ಕಡ್ಡಿ ಇಲ್ಲ. ಹೊಸ್ತಿಲಿಗೆ ಅರಿಶಿನ ಬಿದ್ದಿತ್ತು. ಮೂಲೆಯ ಪೆಟ್ಟಿಗೆ ಗುಯ್‌ಗುಡುತ್ತಿತ್ತು, ಅದರ ನೆತ್ತಿಯ ಮೇಲೆ ಹಡಗಲಿ ಮಲ್ಲಿಗೆಯ ಒಂದು ತುಂಡು. ಚೌಡಕ್ಕ ಊದುಬತ್ತಿ ಸಿಕ್ಕಿಸಲು ಜಾಗ ಹುಡುಕುತ್ತಿದ್ದಳು.

“ಬರ್ರಿ ಬಸಣ್ಣಾರ” ಎಂದಳು, ನಿನ್ನೆ ನೋಡಿ ಹೋದವನನ್ನು ಕರೆದ ಹಾಗೆ. “ಯುಗಾದಿಗೆ ಹೋದೋರು ಈಗ ಬಂದ್ರಿ. ತೆಗೀತಾರೇನು ಮತ್ತ?”

“ಸರ್ವಿಸ್ ಮಾಡಾಕ ಬಂದೀನಿ, ಚೌಡಕ್ಕ.” ಕಟ್ಟಿಟ್ಟ ಮಾತು ಸಲೀಸಾಗಿ ಬಂತು.

“ಮಾಡ್ರಿ ಮಾಡ್ರಿ. ಅಮಾಸಿಗೊಮ್ಮೆ ನಾನೂ ಹಚ್ತೀನಿ, ಸುಮ್ಮನ ಬಿಟ್ರ ಜಂಗ್ ಹಿಡಿತೈತಿ ಅಂತ. ಜನ ಕೇಳ್ಕಂತ ಬರ್ತಾರ, ಸದ್ಯಕ್ಕ ಕೊಟ್ಟೂರಿಗೆ ಹೋಗ್ರಿ, ಮತ್ತ ತೆಗೀತಾರ ಅಂತ ನಾನ ಹೇಳಿ ಕಳಸ್ತೀನಿ.”

ಅವನು ತಂದಿದ್ದ ಲ್ಯಾಪ್‌ಟಾಪನ್ನು ಪೆಟ್ಟಿಗೆಗೆ ಸಿಕ್ಕಿಸಿ ನೆಲದ ಮೇಲೆ ಕೂತ. ಎರಡು ಪೆಟ್ಟಿಗೆಗಳೂ ಒಂದನ್ನೊಂದು ಗುರುತು ಹಿಡಿದು, ಇಷ್ಟು ದಿನದ ಲೆಕ್ಕ ಒಪ್ಪಿಸಿಕೊಳ್ಳುವವರೆಗೆ ಕಾಯಬೇಕು. ಆ ಹೊತ್ತು ಖಾಲಿ ಬಿದ್ದಿತ್ತು. ಚೌಡಕ್ಕ ಗೋಡೆಗೆ ಒರಗಿ ಕೂತು ಮಾತಾಡಿದಳು. ಮಗಳ ಹೆರಿಗೆ ಆದದ್ದು, ಈ ಸಲ ಶೇಂಗಾ ಪೊಳ್ಳಾದದ್ದು ಎಲ್ಲ ಹೇಳಿದಳು.

“ಹುಡುಗ್ಯಾರ ಹಾಸ್ಟೆಲ್ನ್ಯಾಗ ಅಡಗಿ ಮಾಡಾಕ ಕರದಿದ್ರು, ಶ್ರಾವಣದಾಗ” ಎಂದಳು ನಡುವೆ. “ಒಲ್ಲೆ ಅಂದೆ.”

“ಯಾಕ?”

“ಇದನ್ನ ತೆಗದಾಗ ನಾನಿರಲಿಲ್ಲಂದ್ರ ಡಾಕ್ಟ್ರಿಗೆ ತ್ರಾಸಾಗತೈತಲ್ರಿ. ನೀವ ಹೇಳಿದ್ರಿ, ತೆಗೀಬೌದು ಅಂತ.”

ಪರದೆಯ ಮೇಲೆ ಜೋಡಿಯ ಗುರುತು ಹಸಿರಾಯಿತು. ಬಿಡಿಸಲೇ ಎಂದು ಪೆಟ್ಟಿಗೆ ಕೇಳಿತು. ಗುರುಬಸವರಾಜ ಹೂಂ ಅಂದ. ನಿಜವಾಗಿಯೂ ಬಿಡಿಸಲೇ ಎಂದು ಅದು ಮತ್ತೆ ಕೇಳಿತು, ಮತ್ತೆ ಹೂಂ ಅಂದ. ಜೋಡಿ ಬಿಟ್ಟಿತು. ಇಷ್ಟು ದಿನ ಅಳಿಸಲಾಗದ್ದು ಎರಡು ಗುಂಡಿ ಒತ್ತುವಷ್ಟರಲ್ಲಿ ಮುಗಿಯಿತು. ಕೋಣೆ ಉಳಿಯಿತು. ಎದ್ದು ಚಪ್ಪಲಿ ಮೆಟ್ಟಿದರೆ ಆಯಿತು, ಮುಂದಿನ ಬಸ್ಸು ಸಿಗುತ್ತಿತ್ತು.

ಅವನಿಗೆ ಏಳಲಾಗಲಿಲ್ಲ. ಅವಮಾನ ಅಂದರೆ ಏನು ಅಂತ ಅವನಿಗೆ ಆ ನೆಲದ ಮೇಲೆ ಗೊತ್ತಾಯಿತು. ಇಷ್ಟು ವರ್ಷ ಊರೆಲ್ಲ ಹೊಗಳಿದ ತನ್ನ ಒಳ್ಳೆಯ ಗುಣ ಈ ಹೆಂಗಸಿನ ಅನ್ನಕ್ಕೆ ಅಡ್ಡ ಕೂತಿತ್ತು.

“ಚೌಡಕ್ಕ” ಎಂದ, ಲ್ಯಾಪ್‌ಟಾಪನ್ನೇ ನೋಡುತ್ತ. ಆಮೇಲೆ ಅದನ್ನು ಮುಚ್ಚಿ ಅವಳ ಮುಖ ನೋಡಿದ. “ಇದು ಮತ್ತ ತೆಗೆಯಂಗಿಲ್ಲ. ಯುಗಾದಿಗೇ ಕಾಯಂ ಮುಚ್ಯಾರ. ನಿನಗ ಹೇಳು ಅಂತ ಡಾಕ್ಟ್ರು ಅವತ್ತ ನನಗ ಹೇಳಿದ್ರು. ನಾ ಹೇಳಲಿಲ್ಲ.”

ಗೋಡೆಗೆ ಒರಗಿದ್ದ ಚೌಡಕ್ಕ ನೆಟ್ಟಗೆ ಕೂತಳು. ಪೆಟ್ಟಿಗೆ ಒಂದೇ ಸಮನೆ ಗುಯ್ ಅನ್ನುತ್ತಿತ್ತು.

“ಅವತ್ತ ಹೇಳಿದ್ರ ಹಾಸ್ಟೆಲಿಗೆ ಹೋಗಿರ್ತಿದ್ದೆ” ಎಂದಳು. ಧ್ವನಿ ಏರಿರಲಿಲ್ಲ. “ನೀವು ಒಳ್ಳೇರು ಅಂತಾರ ಎಲ್ಲಾರೂ. ಒಳ್ಳೇರು ಅನ್ನೋದು ನಿಮಗಾತು. ನನಗೇನಾತು, ಹೇಳ್ರಿ?”

ಅವಳು ಎದ್ದು ಪೆಟ್ಟಿಗೆಗೆ ಊದುಬತ್ತಿ ಬೆಳಗಿದಳು, ಹಿಡಿದ ಪೂಜೆ ನಡುವೆ ಬಿಡುವವಳಲ್ಲ. ಕಾಯಿ ಒಡೆದು ಒಂದು ಹೋಳು ಅವನ ಕೈಗಿಟ್ಟಳು. ಅದನ್ನು ಕೊಟ್ಟ ರೀತಿಯಲ್ಲಿ ಸಿಟ್ಟು ಇಳಿದಿರಲಿಲ್ಲ.

“ಸ್ಕ್ಯಾನಿಂಗ್ ಮಿಷನ್ ಬರ್ತೈತಿ ಕೊಟ್ಟೂರಿಗೆ. ಅಲ್ಲಿ ನಿನಗ ಕೆಲ್ಸ...” ಎಂದು ಶುರು ಮಾಡಿದ.

“ನೋಡನು ಅನಬ್ಯಾಡ್ರಿ ಮತ್ತ.”

ಅವನ ಬಾಯಲ್ಲಿ ಇದ್ದದ್ದು ಅದೇ ಮಾತು. ನುಂಗಿಕೊಂಡ. “ಇವತ್ತ ಕೇಳ್ತೀನಿ. ಹೂಂ ಅಂದ್ರೂ ಬಂದು ಹೇಳ್ತೀನಿ, ಇಲ್ಲ ಅಂದ್ರೂ ಬಂದು ಹೇಳ್ತೀನಿ” ಎಂದ. ಪೆಟ್ಟಿಗೆಯನ್ನು ಅವಳೇ ಆರಿಸಿದಳು. ಬೀಗದ ಕೈ ಅವನಿಗೆ ಕೊಟ್ಟಳು.

ಸಂಜೆ ಕೊಟ್ಟೂರಿನಲ್ಲಿ ಕೂಡ್ಲಿಗಿಯ ಅಂಕಣ ಮರುಮಾತಿಲ್ಲದೆ ಅಳಿಯಿತು. ಅಷ್ಟು ಜಾಗವನ್ನೂ ಹೊಸ ಮಿಷನ್ನಿನ ಹೆಸರಿಗೆ ಮಾಡಿ ಡಾಕ್ಟರರಿಗೆ ತೋರಿಸಿದ. ಅವರು ಬೆನ್ನು ತಟ್ಟಿದರು, ದಾವಣಗೆರೆಯ ಮಾತು ಎತ್ತಲಿಲ್ಲ. ಅದೇ ಬಿಸಿಯಲ್ಲಿ ಅವನು ಚೌಡಕ್ಕನ ವಿಷಯ ತೆಗೆದು, ತಾನು ಅವತ್ತು ಹೇಳದೆ ಬಂದದ್ದನ್ನೂ ಮುಚ್ಚಿಡದೆ ಒಪ್ಪಿಸಿದ. ಡಾಕ್ಟರರು ಕನ್ನಡಕ ತೆಗೆದು ಅವನನ್ನೇ ನೋಡಿದರು.

“ಪಾಪ ಅನಸ್ತೈತಿ. ಆದ್ರ ಇಲ್ಲಿ ಇರೋ ಇಬ್ಬರಿಗೇ ಕೆಲ್ಸ ಸಾಲಂಗಿಲ್ಲ, ಗುರುಬಸವರಾಜ. ಆಗಂಗಿಲ್ಲ” ಎಂದರು.

ಮರುದಿನ ಭಾನುವಾರ. ಬೆಳಿಗ್ಗೆ ಎದ್ದು ಅಂಗಿ ಹಾಕಿಕೊಳ್ಳುತ್ತಿದ್ದ ಗಂಡನನ್ನು ನೋಡಿ ನಾಗಲಿಂಗಮ್ಮ ಸೋಜಿಗಪಟ್ಟಳು. “ಇಲ್ಲ ಅನ್ನಾಕ ಅಷ್ಟು ದೂರ ಹೋಗ್ಬೇಕೇನ್ರಿ? ಅವರ ಮನಿ ಮಗ್ಗಲಿಗೆ ಅಂಗಡ್ಯಾಗ ಫೋನ್ ಐತಿ. ಬೇಕಂದ್ರ ನಾನ ಹೇಳ್ತೀನಿ, ಕೊಡ್ರಿ ನಂಬರ್.”

“ಇದೊಂದು ನಾನ ಹೇಳ್ತೀನಿ” ಎಂದು ಹೊರಟ.

ಚೌಡಕ್ಕ ಮನೆಯ ಮುಂದಿನ ಕಟ್ಟೆಯಲ್ಲಿ ಶೇಂಗಾ ಬಿಡಿಸುತ್ತ ಕೂತಿದ್ದಳು. ಅವನು ಬರುವುದನ್ನು ದೂರದಿಂದಲೇ ಕಂಡರೂ ಏಳಲಿಲ್ಲ. ಹತ್ತಿರ ಬಂದು ನಿಂತ. ನೀರು ಕೇಳಬೇಕು, ಮೊಮ್ಮಗುವಿನ ಹೆಸರು ಕೇಳಬೇಕು, ಆಮೇಲೆ ನಿಧಾನಕ್ಕೆ ಹೇಳಬೇಕು ಅಂತ ನಾಲಿಗೆ ಹಳೆಯ ದಾರಿ ಹುಡುಕುತ್ತಿತ್ತು.

“ಇಲ್ಲ ಅಂದ್ರು, ಚೌಡಕ್ಕ.”

ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಎದುರು ಮನೆಯವರು ತಿರುಗಿ ನೋಡಿದರು. ಚೌಡಕ್ಕನ ಕೈ ನಿಂತಿತು. ಅವನ ಬೆವರಿದ ಮುಖ ನೋಡಿದಳು, ಧೂಳು ಹಿಡಿದ ಚಪ್ಪಲಿ ನೋಡಿದಳು.

“ಇಷ್ಟು ಹೇಳಾಕ ಬಸ್ ಹತ್ತಿ ಬಂದ್ರಾ?”

“ಹೂಂ.”

ಅವಳು ಮಡಿಲಿನ ಸಿಪ್ಪೆಯನ್ನು ಮೊರಕ್ಕೆ ಕೊಡವಿದಳು. “ನಾಳಿಗೆ ಹಾಸ್ಟೆಲಿಗೆ ಹೋಗಿ ಕೇಳ್ತೀನಿ. ಇದ್ರ ಇದ್ದೀತು, ಇಲ್ಲಂದ್ರ ಬ್ಯಾರೆ ನೋಡತೀನಿ. ಈಗ ಎತ್ತಗ ಹೋಗಬೇಕನ್ನೋದರ ಗೊತ್ತಾತು” ಎಂದಳು.

ಅವನು ತಲೆ ಆಡಿಸಿದ. ಹೇಳುವುದು ಮುಗಿದಿತ್ತು, ಆದರೂ ಕಾಲು ಕೀಳಲಾರದೆ ನಿಂತಿದ್ದ. ಚೌಡಕ್ಕ ಎದ್ದು ಸೆರಗು ಸರಿ ಮಾಡಿಕೊಂಡು ಬಾಗಿಲಲ್ಲಿ ತಿರುಗಿದಳು.

“ಕುಂದರ್ರಿ ಬಸಣ್ಣಾರ, ಚಾ ಇಡ್ತೀನಿ. ಇಲ್ಲ ಅನ್ನಾಕ ಈಗರ ಕಲ್ತೀರಿ, ನನ್ನ ಚಾಕ್ಕ ಅನಬ್ಯಾಡ್ರಿ.”

ಗುರುಬಸವರಾಜ ಕಟ್ಟೆಯ ಮೇಲೆ ಕೂತು, ಅವಳು ಬಿಟ್ಟು ಹೋದ ಶೇಂಗಾ ಬಿಡಿಸತೊಡಗಿದ.